ಮನೆಯ ಕಂಪ್ಯೂಟರುಗಳಿಗೆ ಮನೆಯಲ್ಲೇ ಒಂದು ಬ್ಯಾಕಪ್ ಸರ್ವರ್: ದಾವಣಗೆರೆಯ ಬಿಸಿಲಿಗೂ ವಿದ್ಯುತ್ತಿಗೂ ಹೊಂದುವಂತೆ ಕಟ್ಟುವ ಬಗೆ

ದಾವಣಗೆರೆಯ ಎಷ್ಟೋ ಮನೆಗಳಲ್ಲಿ ಈಗ ಮುಂದಿನ ಕೋಣೆಯೇ ಕಚೇರಿಯಾಗಿದೆ. ತೆರಿಗೆ ಸಲಹೆಗಾರರ ಮನೆಯಲ್ಲಿ ವರ್ತಕರ ಟ್ಯಾಲಿ ಲೆಕ್ಕಗಳು, ಮದುವೆ ಫೋಟೊ ತೆಗೆಯುವವರ ಮನೆಯಲ್ಲಿ ಇನ್ನೂ ಆಲ್ಬಂ ಆಗದ ಸಾವಿರಾರು ಚಿತ್ರಗಳು, ಇಂಜಿನಿಯರಿಂಗ್ ಓದುವ ಮಕ್ಕಳ ಪ್ರಾಜೆಕ್ಟ್ ವರದಿಗಳು, ಹಿರಿಯರು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟ ಬರಹಗಳು, ಹೀಗೆ ಮತ್ತೆ ಸಿಗಲಾರದ ವಸ್ತುಗಳೆಲ್ಲ ಒಂದೊಂದು ಕಂಪ್ಯೂಟರಿನ ಒಂದೊಂದು ಡಿಸ್ಕನ್ನು ನಂಬಿಕೊಂಡಿರುತ್ತವೆ. ಹೆಚ್ಚಿನವರು ಆಗಾಗ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡಿಕೊಳ್ಳುತ್ತಾರೆ. ಆದರೆ ಆ ಡಿಸ್ಕು ಬಹುತೇಕ ಸಮಯ ಅದೇ ಕಂಪ್ಯೂಟರಿಗೆ ಸಿಕ್ಕಿಸಿಕೊಂಡೇ ಇರುವುದರಿಂದ, ಕಂಪ್ಯೂಟರಿಗೆ ಬಂದ ಆಪತ್ತು ಅದಕ್ಕೂ ಬರುತ್ತದೆ. ಕಡತಗಳನ್ನು ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ತನಗೆ ಬರೆಯಲು ಅವಕಾಶವಿರುವ ಪ್ರತಿಯೊಂದು ಡ್ರೈವಿನ ಮೇಲೂ ಕೈಹಾಕುತ್ತದೆ. ಸಿಡಿಲಿನಿಂದ ಏರಿದ ವೋಲ್ಟೇಜು ಎರಡನ್ನೂ ಒಂದೇ ಪ್ಲಗ್ಗಿನಲ್ಲಿ ತಲುಪುತ್ತದೆ.

ಆದ್ದರಿಂದ ಈ ಲೇಖನದಲ್ಲಿ ವಿವರಿಸುವ ಸರ್ವರನ್ನು, ಅಂದರೆ ಮನೆಯ ಕಂಪ್ಯೂಟರುಗಳ ಪ್ರತಿಗಳನ್ನು ನೆಟ್‌ವರ್ಕ್ ಮೂಲಕ ಪಡೆದು ಇಟ್ಟುಕೊಳ್ಳುವ ಪ್ರತ್ಯೇಕ ಯಂತ್ರವನ್ನು ಕಟ್ಟುವಾಗ ಒಂದೇ ಅಳತೆಗೋಲನ್ನು ಇಟ್ಟುಕೊಳ್ಳಬೇಕೆಂದು ನನ್ನ ವಿನಂತಿ: ಒಮ್ಮೆ ತೆಗೆದ ಪ್ರತಿಯನ್ನು ಅದನ್ನು ಕಳಿಸಿದ ಕಂಪ್ಯೂಟರು ಅಳಿಸಲಾಗದಂತಿರಬೇಕು. ವೇಗ, ಜಾಗ, ಅಂದ ಇವೆಲ್ಲ ಆಮೇಲಿನವು. ಮುಂದೆ ಹೇಳುವ ಪ್ರತಿಯೊಂದು ಆಯ್ಕೆಯೂ ಈ ಅಳತೆಗೆ ಹೊಂದಿಕೊಂಡೇ ಬಂದಿದೆ.

ಯಾವ ಯಂತ್ರ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದ ಮೇಲೆ, ವಿಂಡೋಸ್ 11ಕ್ಕೆ ಅರ್ಹತೆಯಿಲ್ಲದ ಡೆಸ್ಕ್‌ಟಾಪುಗಳು ಬಹಳ ಮನೆಗಳಲ್ಲಿ ಮೂಲೆ ಸೇರಿವೆ. ಬ್ಯಾಕಪ್ ಸರ್ವರಿಗೆ ಅಂಥ ಯಂತ್ರವೇ ಸಾಕು. 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್, ಒಂದು ಗಿಗಾಬಿಟ್ ಲ್ಯಾನ್ ಪೋರ್ಟ್, ಡಿಸ್ಕು ಜೋಡಿಸುವ ಎರಡು ಸಾಟಾ ಕನೆಕ್ಷನ್ ಇದ್ದರೆ ಹೊಸದೇನನ್ನೂ ಕೊಳ್ಳಬೇಕಿಲ್ಲ. ಆದರೆ ವಿದ್ಯುತ್ತಿನ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಸುಮ್ಮನೆ ಕುಳಿತಾಗಲೂ 50 ವಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪು ಹಗಲಿರುಳು ನಡೆದರೆ ತಿಂಗಳಿಗೆ 36 ಯೂನಿಟ್ ಆಗುತ್ತದೆ; ಇಂಟೆಲ್ ಎನ್100 ಚಿಪ್ಪಿನ ಒಂದು ಮಿನಿ ಪಿಸಿ ಡಿಸ್ಕಿನೊಂದಿಗೆ ಸರಾಸರಿ 15 ವಾಟ್ ತೆಗೆದುಕೊಂಡರೂ 11 ಯೂನಿಟ್ಟಿಗಿಂತ ಹೆಚ್ಚಾಗುವುದಿಲ್ಲ. ಗೃಹಜ್ಯೋತಿಯ ಫಲಾನುಭವಿಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ, ಏಕೆಂದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಬೆಸ್ಕಾಂಗೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಬಳಕೆ ಈಗಾಗಲೇ 170ರ ಆಸುಪಾಸಿನಲ್ಲಿರುವ ಮನೆಯವರು ಹಳೆಯ ಡೆಸ್ಕ್‌ಟಾಪನ್ನು ದಿನವಿಡೀ ನಡೆಸುವ ಬದಲು ಮಿನಿ ಪಿಸಿಯನ್ನು ಕೊಳ್ಳುವುದು ಲೇಸು.

ಹಳೆಯ ಲ್ಯಾಪ್‌ಟಾಪನ್ನು ಬಳಸಬಹುದೇ ಎಂದು ಹಲವರು ಕೇಳುತ್ತಾರೆ. ಬಳಸಬಹುದು, ವಿದ್ಯುತ್ತೂ ಕಡಿಮೆ ಸಾಕು. ಆದರೆ ಸದಾ ಚಾರ್ಜಿನಲ್ಲೇ ಇರುವ ಹಳೆಯ ಬ್ಯಾಟರಿ ನಮ್ಮ ಬೇಸಿಗೆಯಲ್ಲಿ ಉಬ್ಬುವ ಸಾಧ್ಯತೆಯಿದೆ. ಕಳಚಬಹುದಾದ ಬ್ಯಾಟರಿಯಾದರೆ ಕಳಚಿಡಿ. ಒಳಗೇ ಕೂರಿಸಿದ್ದಾದರೆ ಚಾರ್ಜಿನ ಮಿತಿಯನ್ನು ಶೇ. 60ಕ್ಕೆ ನಿಲ್ಲಿಸುವ ಸೌಲಭ್ಯ ಬಯಾಸ್‌ನಲ್ಲಿ (ಕಂಪ್ಯೂಟರು ಏಳುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪುಟದಲ್ಲಿ) ಇದೆಯೇ ನೋಡಿ, ಇಲ್ಲದಿದ್ದರೆ ಆ ಯೋಚನೆಯನ್ನು ಬಿಟ್ಟುಬಿಡಿ.

ಡಿಸ್ಕಿನ ವಿಷಯದಲ್ಲಿ ಮಾತ್ರ ಹಳೆಯದು ಬೇಡ. ಕಾಪಾಡಬೇಕಾದ ಒಟ್ಟು ಕಡತಗಳು 1 ಟಿಬಿ ಇದ್ದರೆ ಕನಿಷ್ಠ 2 ಟಿಬಿ, ಸಾಧ್ಯವಾದರೆ 4 ಟಿಬಿ ಡಿಸ್ಕನ್ನು ಕೊಳ್ಳಿ. ಕೊಳ್ಳುವಾಗ ಅದು ಬರಹದ ಪಟ್ಟಿಗಳನ್ನು ಬೇರೆಬೇರೆಯಾಗಿ ಇಡುವ ಸಿಎಂಆರ್ ವಿಧಾನದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ಎಸ್‌ಎಂಆರ್ ವಿಧಾನದ ಡಿಸ್ಕುಗಳಲ್ಲಿ ಒಂದು ಪಟ್ಟಿ ಪಕ್ಕದ ಪಟ್ಟಿಯ ಮೇಲೆ ಸ್ವಲ್ಪ ಹಾಯ್ದಿರುವುದರಿಂದ, ಬರೆದದ್ದನ್ನು ತಿದ್ದುವಾಗ ಅಕ್ಕಪಕ್ಕದವನ್ನೂ ಮತ್ತೆ ಬರೆಯಬೇಕಾಗಿ ದೀರ್ಘ ಬ್ಯಾಕಪ್‌ಗಳು ತೆವಳತೊಡಗುತ್ತವೆ. ಡಬ್ಲ್ಯುಡಿ ರೆಡ್ ಪ್ಲಸ್ ಮತ್ತು ಸೀಗೇಟ್ ಐರನ್‌ವುಲ್ಫ್ ಸಿಎಂಆರ್ ಡಿಸ್ಕುಗಳು. ‘ಪ್ಲಸ್’ ಎಂಬ ಪದವಿಲ್ಲದ ಡಬ್ಲ್ಯುಡಿ ರೆಡ್‌ನ 2ರಿಂದ 6 ಟಿಬಿ ಮಾದರಿಗಳಲ್ಲಿ ಎಸ್‌ಎಂಆರ್ ಇದೆಯೆಂದು 2020ರಲ್ಲಿ ಕಂಪನಿಯೇ ತಿಳಿಸಿದೆ. ಅಂಗಡಿಯವರು ಎರಡೂ ಒಂದೇ ಎಂದರೂ ಮಾದರಿ ಸಂಖ್ಯೆಯನ್ನು ಓದಿಯೇ ಹಣ ಕೊಡಿ.

ಎರಡು ಡಿಸ್ಕಿಗೆ ಹಣವಿದ್ದರೆ ಅವನ್ನು ರೈಡ್ ಜೋಡಿಯಾಗಿ, ಅಂದರೆ ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಬರೆಯುವಂತೆ, ಕಟ್ಟುವ ಆಸೆ ಬರುತ್ತದೆ. ಮನೆಯ ಮಟ್ಟಿಗೆ ನಾನು ಅದನ್ನು ಒಪ್ಪುವುದಿಲ್ಲ. ಒಂದು ಡಿಸ್ಕಿನಲ್ಲಿ ಅಳಿದದ್ದು ಮರುಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ. ಒಂದು ಡಿಸ್ಕು ಕೆಟ್ಟರೆ ಕೆಲಸ ನಿಲ್ಲದಿರಲಿ ಎಂಬುದಷ್ಟೇ ಆ ಜೋಡಣೆಯ ಗುರಿ. ಎರಡನೆಯ ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿ ಹಾಕಿ ಬೇರೆ ಮನೆಯಲ್ಲಿಡುವುದರಿಂದ ಸಿಗುವ ರಕ್ಷಣೆ ಹೆಚ್ಚಿನದು. ಅದರ ವಿವರ ಮುಂದೆ ಬರುತ್ತದೆ.

ಎಲ್ಲಿಡಬೇಕು, ವಿದ್ಯುತ್ತು ಹೇಗೆ

ದಾವಣಗೆರೆಯಲ್ಲಿ ಏಪ್ರಿಲ್ ಹೊತ್ತಿಗೆ ಹಗಲಿನ ತಾಪ 38 ಡಿಗ್ರಿ ದಾಟುವ ದಿನಗಳು ಬರುತ್ತವೆ. ಮುಚ್ಚಿದ ಪೆಟ್ಟಿಗೆಯೊಳಗಿನ ಡಿಸ್ಕು ಕೋಣೆಗಿಂತ ಸುಲಭವಾಗಿ 10 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ತಯಾರಕರು 60 ಡಿಗ್ರಿಯ ಆಸುಪಾಸಿನ ಮಿತಿಯನ್ನು ಹೇಳಿದರೂ 50ರೊಳಗೆ ಇಟ್ಟುಕೊಳ್ಳುವುದು ಕ್ಷೇಮ. ಹೀಗಾಗಿ ಶೀಟಿನ ಛಾವಣಿಯ ಕೋಣೆ, ಅಟ್ಟ, ಬಾಗಿಲು ಹಾಕಿದ ಟಿವಿ ಕಪಾಟು, ಪಶ್ಚಿಮದ ಬಿಸಿಲು ಬೀಳುವ ಗೋಡೆ, ಇವು ಯಾವುವೂ ಬೇಡ. ನಡುಮನೆಯಲ್ಲಿ ನೆಲದಿಂದ ಒಂದೆರಡು ಅಡಿ ಮೇಲೆ, ಹಿಂದೆ ಒಂದು ಗೇಣು ಜಾಗ ಬಿಟ್ಟು ಇಡಿ. ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಮನೆಗಳಲ್ಲಿ ಮಸಿ, ಚಿತ್ರದುರ್ಗದ ಕಡೆಯ ಗಾಳಿಯಲ್ಲಿ ಬಯಲಿನ ಮಣ್ಣಿನ ದೂಳು ಫ್ಯಾನಿನ ರೆಕ್ಕೆಗೆ ಬೇಗ ಮೆತ್ತಿಕೊಳ್ಳುತ್ತವೆ. ಆದ್ದರಿಂದ ಬೇಸಿಗೆ ಶುರುವಾಗುವ ಮುನ್ನ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಯಂತ್ರವನ್ನು ಆರಿಸಿ, ಬ್ರಷ್‌ನಿಂದ ಶುಚಿಗೊಳಿಸಿ.

ಕಂಪ್ಯೂಟರು ಬರೆಯುತ್ತಿರುವಾಗ ವಿದ್ಯುತ್ತು ಹೋದರೆ ಕಡತ ವ್ಯವಸ್ಥೆಗೆ ಹಾನಿಯಾಗಬಹುದು. ಮನೆಗೆ ಇನ್ವರ್ಟರ್ ಇದ್ದರೆ ಅದರ ಹಿಂಬದಿಯಲ್ಲಿ ಅಥವಾ ಮುಂಬದಿಯಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬದಲಾವಣೆ ಬೇಗ ನಡೆದು ಕಂಪ್ಯೂಟರು ಆರುವುದಿಲ್ಲ. ಆದರೂ ಸರ್ವರಿಗೆಂದೇ ಯುಎಸ್‌ಬಿ ಪೋರ್ಟಿರುವ 600 ವಿಎ ಯುಪಿಎಸ್ ಒಂದನ್ನು ಇಡುವುದನ್ನು ಶಿಫಾರಸು ಮಾಡುತ್ತೇನೆ. ಅಗ್ಗದ ಮಾದರಿಗಳಲ್ಲಿ ಆ ಪೋರ್ಟು ಇರುವುದಿಲ್ಲ. ಇದ್ದರೆ ಮಾತ್ರ ಬ್ಯಾಟರಿ ಮುಗಿಯುತ್ತಿರುವ ಸುದ್ದಿ ಸರ್ವರಿಗೆ ತಲುಪಿ ಅದು ತಾನಾಗಿಯೇ ಕ್ರಮಬದ್ಧವಾಗಿ ಆರಿಕೊಳ್ಳುತ್ತದೆ. ವಿದ್ಯುತ್ತು ಮರಳಿದಾಗ ತಾನೇ ಏಳುವಂತೆ ಬಯಾಸ್‌ನಲ್ಲಿ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಆಯ್ಕೆಯನ್ನು ‘ಪವರ್ ಆನ್’ ಮಾಡಿಡಿ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಅರ್ಥಿಂಗ್ ಇರುವುದೆಂಬ ಭರವಸೆಯಿಲ್ಲ, ಹೀಗಾಗಿ ಎಲೆಕ್ಟ್ರಿಷಿಯನ್ ಒಬ್ಬರಿಂದ ಅದನ್ನು ಪರೀಕ್ಷಿಸಿ.

ನೆಟ್‌ವರ್ಕ್

ಸರ್ವರನ್ನು ರೂಟರಿಗೆ ಕೇಬಲ್ ಮೂಲಕವೇ ಜೋಡಿಸಿ. ಕ್ಯಾಟ್ 5ಇ ಕೇಬಲ್ ಸಾಕು, ಅದು 100 ಮೀಟರ್ ದೂರದವರೆಗೂ ಗಿಗಾಬಿಟ್ ವೇಗ ಕೊಡುತ್ತದೆ. ಇಂಟರ್‌ನೆಟ್ ಸಂಪರ್ಕದೊಂದಿಗೆ ಬಂದ ರೂಟರಿನಲ್ಲಿ ಎಲ್ಲ ಪೋರ್ಟುಗಳೂ ಗಿಗಾಬಿಟ್ಟಿನವೇ ಎಂದು ನೋಡಿಕೊಳ್ಳಿ. ಗಿಗಾಬಿಟ್ಟಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹರಿಯುವುದರಿಂದ 500 ಜಿಬಿಯ ಮೊದಲ ಪ್ರತಿ ಒಂದೂಕಾಲು ಗಂಟೆಯಷ್ಟರಲ್ಲಿ ಸಾಗಬಹುದು. 100 ಮೆಗಾಬಿಟ್ಟಿನ ಪೋರ್ಟಿನಲ್ಲಿ ಅದೇ ಕೆಲಸ ಹನ್ನೆರಡು ಗಂಟೆಯನ್ನು ಮೀರುತ್ತದೆ. ನಂತರ ದಿನವೂ ಬದಲಾದಷ್ಟೇ ಸಾಗುವುದರಿಂದ ವೈಫೈ ಸಹ ನಡೆಯುತ್ತದೆ. ರೂಟರಿನ ಪುಟದಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ ವಿಭಾಗಕ್ಕೆ ಹೋಗಿ ಸರ್ವರಿಗೆ 192.168.1.50ರಂಥ ಒಂದು ಸ್ಥಿರ ವಿಳಾಸವನ್ನು ಗೊತ್ತುಪಡಿಸಿ.

ಹೊರಗಿನಿಂದ ಬಳಸುವ ಆಸೆಯಿಂದ ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಇಂಟರ್‌ನೆಟ್ಟಿನಿಂದ ಸರ್ವರಿಗೆ ನೇರ ಬಾಗಿಲು ತೆರೆಯುವುದು) ಮಾಡಬೇಡಿ. ಕಡತ ಹಂಚಿಕೆಯ ಎಸ್‌ಎಂಬಿ ಸೇವೆಯ 445ನೇ ಪೋರ್ಟು ಇಂಟರ್‌ನೆಟ್ಟಿಗೆ ತೆರೆದಿದ್ದ ಯಂತ್ರಗಳ ಮೂಲಕವೇ 2017ರ ಮೇನಲ್ಲಿ ವಾನಾಕ್ರೈ ಎಂಬ ರಾನ್ಸಮ್‌ವೇರ್ ಜಗತ್ತಿನಾದ್ಯಂತ ಹರಡಿತು. ಹೊರಗಿನಿಂದ ತಲುಪಲೇಬೇಕಾದರೆ ಗೂಢಲಿಪಿಯ ಖಾಸಗಿ ಹಾದಿ (ವಿಪಿಎನ್) ಕಟ್ಟಿಕೊಡುವ ಟೇಲ್‌ಸ್ಕೇಲ್ ಅಥವಾ ವೈರ್‌ಗಾರ್ಡ್ ಬಳಸಿ.

ತಂತ್ರಾಂಶದ ಸ್ಥಾಪನೆ

ಡೆಬಿಯನ್ ಲಿನಕ್ಸ್ ಮೇಲೆ ನಿಂತಿರುವ ಓಪನ್‌ಮೀಡಿಯಾವಾಲ್ಟ್ ಎಂಬ ಸರ್ವರ್ ತಂತ್ರಾಂಶ ಉಚಿತ, ಹಗುರ, ಮತ್ತು ಬಹುತೇಕ ಎಲ್ಲವನ್ನೂ ಬ್ರೌಸರಿನಲ್ಲೇ ಮಾಡಲು ಬಿಡುತ್ತದೆ. ಇದೇ ಬಗೆಯ ಟ್ರೂನಾಸ್ ಸಮರ್ಥವಾದದ್ದೇ, ಆದರೆ ಅದಕ್ಕೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು. ಓಪನ್‌ಮೀಡಿಯಾವಾಲ್ಟ್‌ನ ಐಎಸ್‌ಒ ಕಡತವನ್ನು ಅದರ ಅಧಿಕೃತ ತಾಣದಿಂದ ಇಳಿಸಿಕೊಂಡು, ರೂಫಸ್ ಅಥವಾ ಬಲೀನಾ ಎಚ್ಚರ್ ಮೂಲಕ ಪೆನ್‌ಡ್ರೈವಿಗೆ ಬರೆಯಿರಿ. ಸ್ಥಾಪನೆ ತನಗೆ ಕೊಟ್ಟ ಡಿಸ್ಕನ್ನು ಪೂರ್ತಿಯಾಗಿ ಅಳಿಸಿ ಆಕ್ರಮಿಸಿಕೊಳ್ಳುತ್ತದೆ. ಹೀಗಾಗಿ ಅದನ್ನು ಒಂದು ಸಣ್ಣ ಎಸ್‌ಎಸ್‌ಡಿಯಲ್ಲಿ ಮಾಡಿ, ಆ ಹೊತ್ತಿಗೆ ದೊಡ್ಡ ಡಿಸ್ಕಿನ ಸಾಟಾ ಕೇಬಲನ್ನು ಕಳಚಿಟ್ಟಿರಿ.

ಸ್ಥಾಪನೆ ಮುಗಿದ ಮೇಲೆ ಬೇರೆ ಕಂಪ್ಯೂಟರಿನ ಬ್ರೌಸರಿನಲ್ಲಿ ಸರ್ವರಿನ ವಿಳಾಸವನ್ನು ಟೈಪಿಸಿದರೆ ಪ್ರವೇಶ ಪುಟ ತೆರೆಯುತ್ತದೆ. ಬಳಕೆದಾರನ ಹೆಸರು ‘ಅಡ್ಮಿನ್’, ಪಾಸ್‌ವರ್ಡ್ ‘ಓಪನ್‌ಮೀಡಿಯಾವಾಲ್ಟ್’, ಎರಡೂ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ. ಮೊದಲ ಕೆಲಸವೇ ಈ ಪಾಸ್‌ವರ್ಡನ್ನು ಬದಲಿಸುವುದು. ಹೊಸದನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಯಾವ ಕಂಪ್ಯೂಟರಿನ ಬ್ರೌಸರಿನಲ್ಲೂ ಅದನ್ನು ಉಳಿಸಬೇಡಿ. ವಿಂಡೋಸ್ ಕಂಪ್ಯೂಟರಿಗೆ ನುಗ್ಗಿದವರು ಮೊದಲು ತಡಕುವುದೇ ಬ್ರೌಸರಿನಲ್ಲಿ ಉಳಿದ ಪಾಸ್‌ವರ್ಡುಗಳನ್ನು, ಮತ್ತು ಸರ್ವರಿನ ಅಡ್ಮಿನ್ ಪಾಸ್‌ವರ್ಡ್ ಅವರಿಗೆ ಸಿಕ್ಕರೆ ಮುಂದೆ ನಾವು ಕಟ್ಟುವ ರಕ್ಷಣೆಯೆಲ್ಲ ವ್ಯರ್ಥ. ಇನ್ನೊಂದು ಮಾತು: ಇಲ್ಲಿ ಮಾಡಿದ ಪ್ರತಿ ಬದಲಾವಣೆಯ ನಂತರ ಪುಟದ ಮೇಲೆ ಹಳದಿ ಪಟ್ಟಿಯೊಂದು ಬರುತ್ತದೆ, ಅದರ ಟಿಕ್ ಗುರುತನ್ನು ಒತ್ತಿದರೆ ಮಾತ್ರ ಬದಲಾವಣೆ ಜಾರಿಯಾಗುತ್ತದೆ.

ಈಗ ದೊಡ್ಡ ಡಿಸ್ಕನ್ನು ಜೋಡಿಸಿ, ಸ್ಟೋರೇಜ್ ವಿಭಾಗದ ಫೈಲ್ ಸಿಸ್ಟಮ್ಸ್‌ನಲ್ಲಿ ಬಿಟಿಆರ್‌ಎಫ್‌ಎಸ್ ವಿಧಾನದಲ್ಲಿ, ‘ಸಿಂಗಲ್’ ಪ್ರೊಫೈಲಿನೊಂದಿಗೆ ಫಾರ್ಮ್ಯಾಟ್ ಮಾಡಿ ಮೌಂಟ್ ಮಾಡಿ. ಈ ಆಯ್ಕೆಯ ಹಿಂದೆ ನಮ್ಮ ಅಳತೆಗೋಲೇ ಇದೆ. ಬಿಟಿಆರ್‌ಎಫ್‌ಎಸ್ ಒಂದು ಫೋಲ್ಡರ್ ಈ ಕ್ಷಣದಲ್ಲಿ ಹೇಗಿದೆಯೋ ಹಾಗೆಯೇ ಅದನ್ನು ಸ್ನ್ಯಾಪ್‌ಶಾಟ್ ಆಗಿ ಹಿಡಿದಿಡಬಲ್ಲದು. ಹಿಡಿಯುವಾಗ ಅದಕ್ಕೆ ಹೆಚ್ಚಿನ ಜಾಗ ಬೇಕಿಲ್ಲ. ಮೂಲ ಬದಲಾದಂತೆ ಹಳೆಯ ತುಣುಕುಗಳನ್ನು ಬಿಸಾಡದೆ ಉಳಿಸಿಕೊಳ್ಳುವುದಕ್ಕಷ್ಟೇ ಜಾಗ ಹೋಗುತ್ತದೆ. ನೆಟ್‌ವರ್ಕ್ ಮೂಲಕ ಬರುವ ಕಂಪ್ಯೂಟರು ಈ ಸ್ನ್ಯಾಪ್‌ಶಾಟುಗಳನ್ನು ಓದಬಹುದಷ್ಟೇ, ಅಳಿಸಲಾರದು. ನಾಳೆ ರಾನ್ಸಮ್‌ವೇರ್ ಬಂದು ಸರ್ವರಿನ ಫೋಲ್ಡರಿನಲ್ಲಿರುವ ಎಲ್ಲವನ್ನೂ ಕೆಡಿಸಿದರೂ ನಿನ್ನೆಯ ಸ್ನ್ಯಾಪ್‌ಶಾಟ್ ನಿನ್ನೆಯಂತೆಯೇ ಇರುತ್ತದೆ.

ಯೂಸರ್ಸ್ ವಿಭಾಗದಲ್ಲಿ ಪ್ರತಿ ಕಂಪ್ಯೂಟರಿಗೂ ಒಬ್ಬ ಬಳಕೆದಾರನನ್ನು ಸೃಷ್ಟಿಸಿ. ಮನೆಮಂದಿಗೆಲ್ಲ ಒಂದೇ ಹೆಸರು ಸಾಕೆಂದು ಅನ್ನಿಸಬಹುದು, ಆದರೆ ಮಗನ ಲ್ಯಾಪ್‌ಟಾಪಿಗೆ ತಗುಲಿದ ರೋಗ ಅಪ್ಪನ ಲೆಕ್ಕದ ಪ್ರತಿಗೆ ತಗುಲದಿರಬೇಕಾದರೆ ಹೆಸರುಗಳು ಬೇರೆಯಾಗಿರಲೇಬೇಕು. ನಂತರ ಶೇರ್ಡ್ ಫೋಲ್ಡರ್ಸ್‌ನಲ್ಲಿ ಪ್ರತಿ ಕಂಪ್ಯೂಟರಿಗೊಂದು ಫೋಲ್ಡರ್ ಮಾಡಿ, ಅದರ ಪರ್ಮಿಶನ್ಸ್‌ನಲ್ಲಿ ಆಯಾ ಬಳಕೆದಾರನಿಗೆ ಮಾತ್ರ ಓದುವ-ಬರೆಯುವ ಅಧಿಕಾರವನ್ನೂ ಉಳಿದವರಿಗೆ ಪ್ರವೇಶವಿಲ್ಲವೆಂಬುದನ್ನೂ ಗುರುತಿಸಿ. ಸರ್ವೀಸಸ್ ವಿಭಾಗದ ಎಸ್‌ಎಂಬಿಯನ್ನು ಚಾಲೂ ಮಾಡಿ ಈ ಫೋಲ್ಡರುಗಳನ್ನು ಸೇರಿಸುವಾಗ ‘ಪಬ್ಲಿಕ್’ ಎಂಬಲ್ಲಿ ‘ನೋ’ ಇರಲಿ. ಮನೆಯಲ್ಲಿ ಮ್ಯಾಕ್ ಇದ್ದರೆ ಅದರ ಫೋಲ್ಡರಿಗೆ ಟೈಮ್ ಮಶೀನ್ ಬೆಂಬಲವನ್ನು ಟಿಕ್ ಮಾಡಿದರೆ ಸಾಕು, ಮುಂದಿನದನ್ನು ಮ್ಯಾಕ್ ನೋಡಿಕೊಳ್ಳುತ್ತದೆ.

ಶೇರ್ಡ್ ಫೋಲ್ಡರ್ಸ್‌ನಲ್ಲೇ ಸ್ನ್ಯಾಪ್‌ಶಾಟಿನ ವೇಳಾಪಟ್ಟಿಯನ್ನೂ ಹಾಕಬಹುದು. ದಿನಕ್ಕೊಂದರಂತೆ ತೆಗೆದು 30 ದಿನ ಉಳಿಸಿಕೊಳ್ಳುವುದು ಮನೆಗೆ ಸಾಕು. ಲೆಕ್ಕಪತ್ರದ ಕೆಲಸ ಮಾಡುವವರು ತಿಂಗಳಿಗೊಂದರಂತೆ ಒಂದು ವರ್ಷದವರೆಗೆ ಉಳಿಸಿಕೊಳ್ಳಲಿ, ಏಕೆಂದರೆ ಜೂನ್‌ನಲ್ಲಿ ಕೆಟ್ಟ ಲೆಕ್ಕದ ಕಡತ ಮುಂದಿನ ಮಾರ್ಚಿಯಲ್ಲಿ ಕಣ್ಣಿಗೆ ಬೀಳುವುದುಂಟು.

ಕಂಪ್ಯೂಟರುಗಳ ಕಡೆಯ ಕೆಲಸ

ವಿಂಡೋಸ್ ಯಂತ್ರಗಳಿಗೆ ಡೂಪ್ಲಿಕಾಟಿ ಎಂಬ ಮುಕ್ತ ತಂತ್ರಾಂಶವನ್ನು ಹೇಳುತ್ತೇನೆ. ಅದು ಕಡತಗಳನ್ನು ಎಇಎಸ್-256 ಗೂಢಲಿಪಿಯಲ್ಲಿ ಮುಚ್ಚಿ, ಬದಲಾದ ಭಾಗಗಳನ್ನಷ್ಟೇ ಕಳಿಸುತ್ತದೆ ಮತ್ತು ಹಳೆಯ ಆವೃತ್ತಿಗಳನ್ನು ಉಳಿಸುತ್ತದೆ. ಗುರಿಯ ಜಾಗದಲ್ಲಿ ಡ್ರೈವ್ ಅಕ್ಷರದ ಬದಲು ಸರ್ವರಿನ ಪೂರ್ಣ ನೆಟ್‌ವರ್ಕ್ ಹಾದಿಯನ್ನೇ ಬರೆದು, ಆ ಕಂಪ್ಯೂಟರಿನ ಬಳಕೆದಾರನ ಹೆಸರು-ಪಾಸ್‌ವರ್ಡನ್ನು ಅಲ್ಲಿಯೇ ಕೊಡಿ. ಗೂಢಲಿಪಿಯ ಪಾಸ್‌ಫ್ರೇಸನ್ನು ಕಳೆದುಕೊಂಡರೆ ಯಾರಿಂದಲೂ ಕಡತಗಳನ್ನು ತೆರೆಯಲಾಗದು. ಅದೂ ಬೀರುವಿನ ಕಾಗದಕ್ಕೆ ಸೇರಲಿ, ಅದರ ಇನ್ನೊಂದು ಪ್ರತಿ ಮನೆಯಿಂದ ಹೊರಗಿರಲಿ. ವೇಳೆಯನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಇಡುವುದು ಒಳ್ಳೆಯದು, ರಾತ್ರಿ ಹೇಗೂ ಕಂಪ್ಯೂಟರುಗಳು ಆರಿರುತ್ತವೆ.

ಯಾವುದನ್ನು ಕಳಿಸಬೇಕು ಎಂಬಲ್ಲಿ ಸ್ವಲ್ಪ ಯೋಚನೆ ಬೇಕು. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಪಿಕ್ಚರ್ಸ್ ಎಲ್ಲರಿಗೂ ನೆನಪಾಗುತ್ತವೆ. ಟ್ಯಾಲಿಯ ಡೇಟಾ ಬೇರೆ ಡ್ರೈವಿನಲ್ಲಿ ಇರುವುದು ಸಾಮಾನ್ಯ, ಮತ್ತು ಟ್ಯಾಲಿ ತೆರೆದಿರುವಾಗ ಅದರ ಕಡತಗಳನ್ನು ನಕಲು ಮಾಡಿದರೆ ಅರ್ಧ ಬರೆದ ಸ್ಥಿತಿ ಸಿಗಬಹುದು. ಆದ್ದರಿಂದ ಟ್ಯಾಲಿಯಲ್ಲೇ ಇರುವ ಬ್ಯಾಕಪ್ ಸೌಲಭ್ಯದಿಂದ ದಿನದ ಕೊನೆಗೆ ಒಂದು ಫೋಲ್ಡರಿಗೆ ಪ್ರತಿ ತೆಗೆದು, ಆ ಫೋಲ್ಡರನ್ನೂ ಪಟ್ಟಿಗೆ ಸೇರಿಸಿ. ಕನ್ನಡಿಗರು ಮರೆಯುವ ಇನ್ನೊಂದಿದೆ: ಯೂನಿಕೋಡ್ ಬರುವ ಮುಂಚಿನ ನುಡಿ, ಬರಹ, ಶ್ರೀಲಿಪಿ ಅಕ್ಷರಶೈಲಿಗಳಲ್ಲಿ ಮಾಡಿದ ದಾಖಲೆಗಳು ಆ ಫಾಂಟುಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ತೆರೆಯುತ್ತವೆ. ಕಡತ ಉಳಿದರೂ ಓದು ಉಳಿಯದು. ಅಂಥ ದಾಖಲೆಗಳಿದ್ದವರು ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ಆಯಾ ಫಾಂಟುಗಳನ್ನೂ ತಂತ್ರಾಂಶದ ಸ್ಥಾಪನಾ ಕಡತವನ್ನೂ ಜೊತೆಗೇ ಕಾಪಿಡಬೇಕು.

ಆಂಡ್ರಾಯ್ಡ್ ಫೋನಿನ ಚಿತ್ರಗಳಿಗೆ ಫೋಲ್ಡರ್‌ಸಿಂಕ್ ಆ್ಯಪ್ ಎಸ್‌ಎಂಬಿ ಮೂಲಕ ನೇರವಾಗಿ ಸರ್ವರಿಗೆ ಕಳಿಸಬಲ್ಲದು. ಒಂದೇ ದಿಕ್ಕಿನ ನಕಲನ್ನು ಆರಿಸಿ, ಫೋನಿನಲ್ಲಿ ಅಳಿಸಿದ್ದನ್ನು ಸರ್ವರಿನಲ್ಲೂ ಅಳಿಸುವ ಆಯ್ಕೆಯನ್ನು ಮುಚ್ಚಿಡಿ.

ಇನ್ನೊಂದು ಊರಿನ ಪ್ರತಿ

ಕಳ್ಳತನ, ಬೆಂಕಿ, ಸಿಡಿಲು ಇವು ಸರ್ವರನ್ನೂ ಕಂಪ್ಯೂಟರನ್ನೂ ಒಟ್ಟಿಗೇ ತೆಗೆದುಕೊಂಡು ಹೋಗುತ್ತವೆ. ಎರಡನೆಯ ಡಿಸ್ಕು ಬೇಕಾಗುವುದು ಇದಕ್ಕೆ. ಓಪನ್‌ಮೀಡಿಯಾವಾಲ್ಟ್‌ನ ಪ್ಲಗಿನ್ಸ್ ಪುಟದಲ್ಲಿ ಯುಎಸ್‌ಬಿ ಬ್ಯಾಕಪ್ ಎಂಬುದನ್ನು ಹಾಕಿಕೊಂಡರೆ, ಗುರುತಿಸಿದ ಡಿಸ್ಕನ್ನು ಸಿಕ್ಕಿಸಿದ ಕೂಡಲೇ ನಕಲು ಶುರುವಾಗುತ್ತದೆ. (ಯುಪಿಎಸ್‌ನೊಂದಿಗೆ ಮಾತಾಡುವ ನಟ್ ಪ್ಲಗಿನ್ ಸಹ ಅದೇ ಪುಟದಲ್ಲಿದೆ.) ಆದರೆ ಡಿಸ್ಕನ್ನು ಸಿಕ್ಕಿಸುವ ಮುನ್ನ ಪ್ರತಿ ಕಂಪ್ಯೂಟರಿನ ಬ್ಯಾಕಪ್‌ನಿಂದಲೂ ಒಂದು ಕಡತವನ್ನು ಮರಳಿ ಪಡೆದು ತೆರೆದು ನೋಡಿ, ಇಲ್ಲದಿದ್ದರೆ ಸರ್ವರಿನಲ್ಲಿ ಕೆಟ್ಟದ್ದನ್ನು ಇದ್ದೊಂದು ಒಳ್ಳೆಯ ಪ್ರತಿಯ ಮೇಲೆ ನೀವೇ ಬರೆದಂತಾಗುತ್ತದೆ. ಆನಂತರ ಡಿಸ್ಕನ್ನು ಕಳಚಿ ಬೇರೆ ಊರಿನ ನೆಂಟರ ಮನೆಗೆ ಕಳಿಸಿ. ದಾವಣಗೆರೆಯವರಿಗೆ ಚಿತ್ರದುರ್ಗ, ಚಿತ್ರದುರ್ಗದವರಿಗೆ ದಾವಣಗೆರೆ ಸುಮಾರು 60 ಕಿ.ಮೀ. ದೂರ, ಹಬ್ಬಕ್ಕೋ ಮದುವೆಗೋ ಹೋಗಿಬರುವಾಗ ಡಿಸ್ಕೂ ಬಂದುಹೋಗಬಹುದು. ಡೂಪ್ಲಿಕಾಟಿಯ ಕಡತಗಳು ಗೂಢಲಿಪಿಯಲ್ಲಿರುವುದರಿಂದ ಅದು ಬೇರೆಯವರ ಕೈಸೇರಿದರೂ ವರ್ತಕರ ಲೆಕ್ಕ ಬಯಲಾಗುವುದಿಲ್ಲ. ಫೋನಿನ ಚಿತ್ರಗಳಿಗೆ ಆ ಮುಚ್ಚಿಗೆ ಇಲ್ಲವೆಂಬುದು ನೆನಪಿರಲಿ.

ಮರಳಿ ಪಡೆಯುವ ಅಭ್ಯಾಸ ಮತ್ತು ಮುಂದಿನ ನಿಗಾ

ಎಲ್ಲವೂ ಹಸಿರಾಗಿ ಕಾಣುವ ಬ್ಯಾಕಪ್ ಪಟ್ಟಿಯನ್ನು ನಂಬಿ ಕೂರಬೇಡಿ. ಸ್ಥಾಪನೆಯಾದ ಮೊದಲ ವಾರದಲ್ಲೇ, ಬ್ಯಾಕಪ್ ತೆಗೆದ ಕಂಪ್ಯೂಟರನ್ನು ಮುಟ್ಟದೆ, ಬೇರೊಂದು ಕಂಪ್ಯೂಟರಿನಲ್ಲಿ ಡೂಪ್ಲಿಕಾಟಿ ಹಾಕಿ, ಬ್ಯಾಕಪ್ ಕಡತಗಳಿಂದ ನೇರವಾಗಿ ಮರಳಿ ಪಡೆಯುವ ಆಯ್ಕೆಯ ಮೂಲಕ ಒಂದು ಪೂರ್ಣ ಫೋಲ್ಡರನ್ನು ತನ್ನಿ. ಆಗ ನಿಮ್ಮ ಕೈಯಲ್ಲಿ ಇರಬೇಕಾದದ್ದು ಬೀರುವಿನ ಕಾಗದ ಮಾತ್ರ. ಅದರಲ್ಲಿ ಬರೆದ ಪಾಸ್‌ಫ್ರೇಸಿನಲ್ಲಿ ಒಂದು ಅಕ್ಷರ ತಪ್ಪಿದ್ದರೆ ತಿಳಿಯುವುದು ಹೀಗೆಯೇ. ಟ್ಯಾಲಿಯ ಪ್ರತಿಯನ್ನು ಟ್ಯಾಲಿಯಲ್ಲಿ ತೆರೆದು ಕೊನೆಯ ವೋಚರ್ ಕಾಣುತ್ತದೆಯೇ ನೋಡಿ, ಹಳೆಯ ಕನ್ನಡ ದಾಖಲೆ ಓದುವಂತಿದೆಯೇ ನೋಡಿ. ಮೂರು ತಿಂಗಳಿಗೊಮ್ಮೆ ಇದನ್ನು ಪುನರಾವರ್ತಿಸಿ.

ಸ್ಟೋರೇಜ್ ವಿಭಾಗದಲ್ಲಿ ಡಿಸ್ಕಿನ ಆರೋಗ್ಯವನ್ನು ತೋರಿಸುವ ಸ್ಮಾರ್ಟ್ ಪುಟದಲ್ಲಿ ತಿಂಗಳಿಗೊಂದು ದೀರ್ಘ ಪರೀಕ್ಷೆಯನ್ನು ಗೊತ್ತುಪಡಿಸಿ, ಇಮೇಲ್ ಎಚ್ಚರಿಕೆಯನ್ನು ಚಾಲೂ ಮಾಡಿ. ಅಲ್ಲಿ ‘ರೀಅಲೊಕೇಟೆಡ್ ಸೆಕ್ಟರ್’ ಅಥವಾ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಸಂಖ್ಯೆ (ಡಿಸ್ಕಿನಲ್ಲಿ ಕೆಟ್ಟ ಅಥವಾ ಕೆಡುತ್ತಿರುವ ಜಾಗಗಳ ಎಣಿಕೆ) ಸೊನ್ನೆಯಿಂದ ಮೇಲೇರಿ ಮತ್ತೆ ಮತ್ತೆ ಹೆಚ್ಚುತ್ತಿದ್ದರೆ ವಾರಂಟಿ ಅವಧಿಯನ್ನು ನೋಡಿ ಡಿಸ್ಕನ್ನು ಬದಲಿಸಿ. ಬದಲಿಸಿದಾಗ ಹೊಸ ಡಿಸ್ಕಿಗೆ ಮೊದಲ ಪೂರ್ಣ ಪ್ರತಿ ಹೋಗಿ ಮುಗಿಯುವವರೆಗೆ ಬೇರೆ ಊರಿನಲ್ಲಿರುವ ಡಿಸ್ಕನ್ನು ತರಿಸಬೇಡಿ.